ಗೇರ್‌ಬಾಕ್ಸ್ ಪಾಲಪ್ಪನ ಬೆರಳು

ಪಾಲಪ್ಪನ ಕೈ ಸುಟ್ಟ ವಾಸನೆ ಇನ್ನೂ ನನ್ನ ಮೂಗು ಬಿಟ್ಟು ಹೋಗಿಲ್ಲ. ದಿನವೆಲ್ಲ ಮಿರ್ಚಿ ಕರಿಯುತ್ತ ಎಣ್ಣೆಯ ಹೊಗೆಯಲ್ಲೇ ಕೂರುವವಳು ನಾನು. ಆದರೂ ಆ ವಾಸನೆಯೇ ಬೇರೆ.

ಹೊಸಪೇಟೆಯಿಂದ ಟಿ.ಬಿ. ಡ್ಯಾಂಗೆ ಹೋಗುವ ರಸ್ತೆಯಲ್ಲಿ ಅವನ ಶೆಡ್ಡು ಇದೆ. ನಮ್ಮ ಯಜಮಾನರು ತೀರಿಕೊಂಡ ವರ್ಷ ನಾನು ತಳ್ಳುಗಾಡಿ ನೂಕಿಕೊಂಡು, ಎಲ್ಲಿ ಒಲೆ ಹಚ್ಚಲಿ ಎಂದು ತಿರುಗುತ್ತಿದ್ದೆ. ಆಗ ಅವನೇ ಕರೆದು, "ಉಚ್ಚೆಂಗವ್ವ, ನಮ್ಮ ತಗಡಿನ ಕೆಳಗ ಹಚ್ಚು ಒಲಿ. ಈ ಬಿಸಿಲಾಗ ನಿಂತ್ರ ನೀನ ಬಜ್ಜಿ ಆಗಿಬಿಡ್ತಿ" ಅಂದ. ಅದಕ್ಕೆ ಹನ್ನೊಂದು ವರ್ಷವಾಯಿತು. ಅವನ ಕೆಲಸವನ್ನು ನಾನು ಎರಡು ಮಾರು ದೂರದಿಂದ ನೋಡುತ್ತ ಬಂದಿದ್ದೇನೆ.

ಅವನ ಊರು ಮೆಟ್ರಿ. ಹುಡುಗನಿದ್ದಾಗಲೇ ಸಂಡೂರಿನ ಗಣಿ ಲಾರಿಗಳ ಕೆಳಗೆ ನುಗ್ಗಿ ಕೆಲಸ ಕಲಿತವನು. ಗಣಿ ನಿಂತಾಗ ಇಲ್ಲಿಗೆ ಬಂದು ತಗಡಿನ ಶೆಡ್ಡು ಹಾಕಿದ. ಎಲ್ಲ ರಿಪೇರಿ ಮಾಡುತ್ತಿದ್ದರೂ ಹೆಸರಾದದ್ದು ಗೇರ್‌ಬಾಕ್ಸಿಗೆ. ಕಂಪ್ಲಿಯಿಂದಲೂ ಗಾಡಿ ಎಳೆಸಿಕೊಂಡು ಬರುತ್ತಿದ್ದರು. ಕಾರಣ ಅವನ ಬೆರಳು. ಗೇರ್‌ಬಾಕ್ಸಿನ ಮೂತಿಯಿಂದ ಹೊರಬಂದ ಉದ್ದನೆಯ ದಂಡ ಕ್ಲಚ್ಚಿನ ಹಲ್ಲುಗಳೊಳಗೆ ಹಾದು, ಇಂಜಿನ್ನಿನ ನಡುವಿನ ಸಣ್ಣ ತೂತಿನಲ್ಲಿ ಕೂರಬೇಕು. ಕೂತದ್ದು ಕಣ್ಣಿಗೆ ಕಾಣುವುದಿಲ್ಲ. ಅವನು ಪಕ್ಕದ ಕಿಂಡಿಯಲ್ಲಿ ಎರಡು ಬೆರಳು ತೂರಿಸಿ, ಕಣ್ಣು ಮುಚ್ಚಿ, ಒಳಗೆಲ್ಲ ತಡವುತ್ತಿದ್ದ. ಆಮೇಲೆ ಮೊಣಕಾಲಿನಿಂದ ಒಂದು ನೂಕು. ಅಷ್ಟೇ.

ಬೇರೆ ಮೆಕ್ಯಾನಿಕ್ಕರಿಗೆ ಅವನು ಹೇಳುತ್ತಿದ್ದದ್ದು ಒಂದೇ ಮಾತು: "ಲೇ, ಕೂಡದಿದ್ರ ಬೋಲ್ಟ್ ಹಾಕಿ ಎಳೀಬ್ಯಾಡ್ರಲೇ. ಮನಸ್ಸಿಲ್ಲದ ಹೆಣ್ಣಿಗೆ ತಾಳಿ ಕಟ್ಟಿದಂಗ ಆಗತೈತಿ."

ಹೋದ ವರ್ಷ ಕಡ್ಡಿರಾಂಪುರದ ಬಸವಕುಮಾರ ತನ್ನ ಹಳೆಯ ಬಿಳಿ ಅಂಬಾಸಿಡರ್ ಎಳೆಸಿಕೊಂಡು ಬಂದ. ಅವನು ಹೋಂ ಸ್ಟೇ ನಡೆಸುವವನು. ಹಂಪಿ ನೋಡಲು ಬಂದವರಿಗೆ ಆ ಗಾಡಿಯಲ್ಲೇ ಸುತ್ತಬೇಕೆಂಬ ಆಸೆ. ಅದರದು ಡೀಸೆಲ್ ಇಂಜಿನ್ನು. ಗೇರ್‌ಬಾಕ್ಸ್ ಸವೆದು ಹೋಗಿತ್ತು, ಅಂಥದ್ದು ಮತ್ತೆಲ್ಲೂ ಸಿಗಲಿಲ್ಲ. ಕೊನೆಗೆ ಕಂಪ್ಲಿಯ ಅಕ್ಕಿ ಗಿರಣಿಯ ಜಡೆಪ್ಪನವರ ಹಿತ್ತಲಲ್ಲಿ ಇನ್ನೊಂದು ಅಂಬಾಸಿಡರ್ ಸಿಕ್ಕಿತು. ಅದು ಪೆಟ್ರೋಲಿನದು, ಒಳಗೆ ಕೋಳಿ ಮೊಟ್ಟೆ ಇಟ್ಟಿತ್ತು.

"ಎರಡೂ ಅಕ್ಕತಂಗಿ ಇದ್ದಂಗ ಅದಾವಲ್ಲೋ, ಅದರ ಗೇರ್‌ಬಾಕ್ಸ್ ಎತ್ತಿ ಇದಕ್ಕ ಇಟ್ಟರಾತಲ್ಲ?" ಅಂದೆ ನಾನು.

"ಮೈ ಒಂದ ಐತವ್ವ, ಎದಿ ಬ್ಯಾರೆ. ಪೆಟ್ರೋಲ್ ಗಾಡಿ ದಂಡದ ತುದಿ ಸಣ್ಣದು, ಡೀಸೆಲ್ ಇಂಜಿನ್ನಿನ ತೂತು ದೊಡ್ಡದು."

ಅಳತೆಗೆ ಅವನು ಪಟ್ಟಿ ಹಿಡಿಯುವವನಲ್ಲ. ಜೋಳದ ದಂಟು ಸೀಳಿ ತೂತಿನೊಳಗೆ ಇಟ್ಟು, ಉಗುರಿನಿಂದ ಗುರುತು ಮಾಡಿ, ಲೇತ್ ಅಂಗಡಿಗೆ ಆ ದಂಟನ್ನೇ ಕಳಿಸಿದ. ಅಲ್ಲಿಂದ ಹಿತ್ತಾಳೆಯ ಉಂಗುರವೊಂದು ಬಂತು. ಅದನ್ನು ಇಂಜಿನ್ನಿನ ತೂತಿಗೆ ಬಡಿದು ಕೂರಿಸಿದ. ಡೀಸೆಲ್ ಗಾಡಿಯ ಅಲ್ಯೂಮಿನಿಯಂ ಗಂಟೆಯನ್ನು, ಅಂದರೆ ಇಂಜಿನ್ನಿಗೆ ಅಂಟುವ ಮುಂದಿನ ಚಿಪ್ಪನ್ನು, ಪೆಟ್ರೋಲ್ ಗೇರ್‌ಬಾಕ್ಸಿಗೆ ಜೋಡಿಸಿದ. ಎಲ್ಲ ಸರಿಯಾಗಿತ್ತು. ಇನ್ನು ಎತ್ತಿ ಕೂರಿಸುವುದೊಂದೇ.

ಅವತ್ತು ಅಮಾವಾಸ್ಯೆಯ ಹಿಂದಿನ ದಿನ. ಅಮಾವಾಸ್ಯೆ ಪೂಜೆಗೆ ಶೆಡ್ಡಿನಲ್ಲಿ ಹೊಟ್ಟೆ ಬಿಚ್ಚಿದ ಗಾಡಿ ಇರಬಾರದು ಎಂಬುದು ಪಾಲಪ್ಪನ ಪದ್ಧತಿ. ನಾನು ಕಂಡಂತೆ ಅದನ್ನು ಒಮ್ಮೆಯೂ ತಪ್ಪಿಸಿರಲಿಲ್ಲ. ಬೆಳಿಗ್ಗೆಯಿಂದ ಗಾಡಿಯ ಕೆಳಗೇ ಇದ್ದ. ನೂಕುತ್ತಿದ್ದ, ಇಳಿಸುತ್ತಿದ್ದ, ಮತ್ತೆ ನೂಕುತ್ತಿದ್ದ. ಹಾಗೆ ಒದ್ದಾಡಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಆಮೇಲೆ ಸ್ಪ್ಯಾನರಿನ ಕಟಕಟ ಶಬ್ದ ಕೇಳಿತು. ಬೋಲ್ಟ್ ಬಿಗಿಯುತ್ತಿದ್ದಾನೆ ಅಂದಮೇಲೆ ಕೂತಿರಬೇಕು ಅಂದುಕೊಂಡೆ.

ಟಣ್ ಅಂತು.

ಬಾಣಲೆಯಲ್ಲಿ ಆಡಿಸುತ್ತಿದ್ದ ಜಾಲರಿ ಸೌಟು ನನ್ನ ಕೈಯಿಂದ ಬಿತ್ತು. ಅಲ್ಯೂಮಿನಿಯಂ ಗಂಟೆಯ ಒಂದು ಕಿವಿ ಬೋಲ್ಟಿನ ಸಮೇತ ಮುರಿದು ನೆಲದ ಮೇಲೆ ಬಿದ್ದಿತ್ತು. ಪಾಲಪ್ಪ ಬೋಲ್ಟ್ ಹಾಕಿ ಎಳೆದಿದ್ದ! ಊರಿಗೆಲ್ಲ ಬೇಡ ಬೇಡ ಎಂದು ಹೇಳಿದ ಪಾಲಪ್ಪ!

ಅವನು ತೆವಳಿಕೊಂಡು ಹೊರಬಂದ. ಪಕ್ಕದಲ್ಲಿ ಆಗತಾನೇ ಸಂಡೂರಿನಿಂದ ಬಂದು ಇಂಜಿನ್ ಆರಿಸಿದ ಜೀಪು ಜಾಕಿನ ಮೇಲೆ ಮುಂದಿನ ಗಾಲಿ ಎತ್ತಿಕೊಂಡು ನಿಂತಿತ್ತು. ಅದರ ಸೈಲೆನ್ಸರ್ ಕೊಳವೆಯನ್ನೇ ಆಸರೆಗೆ ಹಿಡಿದು ಎದ್ದು ಕುಕ್ಕರುಗಾಲಲ್ಲಿ ಕೂತ.

"ಕೂತೈತಿ ಅನಿಸ್ತು ಉಚ್ಚೆಂಗವ್ವ. ದೇವರಾಣಿ, ಕೂತೈತಿ ಅಂತನ..." ಎನ್ನುತ್ತಲೇ ಇದ್ದ. ಕೈ ಕೊಳವೆಯ ಮೇಲೇ ಇತ್ತು. ಅಷ್ಟರಲ್ಲಿ ವಾಸನೆ ಬಂತು, ಸಣ್ಣಗೆ ಹೊಗೆಯೂ ಎದ್ದಿತು.

"ಕೈ! ಲೇ ಪಾಲಪ್ಪ, ಕೈ ತಗಿಯೋ!"

ಅವನು ನನ್ನ ಮುಖ ನೋಡಿದ, ಕೈ ನೋಡಲಿಲ್ಲ. ನಾನೇ ಓಡಿಹೋಗಿ ರಟ್ಟೆ ಹಿಡಿದು ಎಳೆದೆ. ಅಂಗೈಯ ತೊಗಲು ಕೊಳವೆಗೇ ಅಂಟಿಕೊಂಡಿತು. ಯವ್ವಾ ಎಂದು ನಾನು ಚೀರಿದೆ. ಅವನ ಬಾಯಿಂದ ಒಂದು ನರಳಿಕೆಯೂ ಬರಲಿಲ್ಲ. ತನ್ನ ಅಂಗೈಯನ್ನು ಯಾರದೋ ಎಂಬಂತೆ ತಿರುಗಿಸಿ ನೋಡಿದ.

"ಎಷ್ಟು ದಿನದಿಂದ ಹಿಂಗೈತಿ?" ಅಂದೆ.

"ಎರಡು ವರ್ಷ ಆತು. ಶುಗರ್ ಐತಿ. ಬೆರಳಿಗೆ ಮೇಣ ಮೆತ್ತಿದಂಗ ಆಗೈತಿ. ಇಷ್ಟು ದಿನ ಕಿವಿಯಿಂದ ಕೇಳಿ, ಅಂದಾಜಿಗೆ ಕೂರಿಸ್ತಿದ್ದೆ. ಇದು ಬ್ಯಾರೆ ಗಾಡೀದು ನೋಡು, ಅಂದಾಜು ಸಿಗಲಿಲ್ಲ. ಯಾರಿಗೂ ಹೇಳಬ್ಯಾಡ. ಗೊತ್ತಾದ್ರ ಒಂದು ಗಾಡೀನೂ ಬರಂಗಿಲ್ಲ. ಈ ಕೆಲಸ ಬಿಟ್ರ ನನಗ ಏನ್ ಬರತೈತಿ?"

ಬುತ್ತಿ ಹಿಡಿದುಕೊಂಡು ಬಂದಿದ್ದ ಅವನ ಹೆಂಡತಿ ದುರುಗವ್ವ ಹಿಂದೆಯೇ ನಿಂತಿದ್ದಳು. ನಾವಿಬ್ಬರೂ ನೋಡಿರಲಿಲ್ಲ. ಬುತ್ತಿ ಕೆಳಗಿಟ್ಟು ಹಣೆ ಬಡಿದುಕೊಂಡಳು.

"ಹಂಚಿನ ಮ್ಯಾಲಿನ ರೊಟ್ಟಿ ಬರಿಗೈಲೆ ತಗದು ನಗತಿದ್ದೆಲ್ಲೋ! ಗಂಡಸು ಅಂದ್ರ ಹಿಂಗಿರಬೇಕು ಅಂತ ಓಣಿಯಾಗೆಲ್ಲ ಹೇಳಿಕೊಂಡು ಬಂದೆನಲ್ಲೋ, ನಾನೆಂಥ ಮೂಳಿ!"

ದವಾಖಾನೆಯಲ್ಲಿ, ಗಾಯ ಮಾಯುತ್ತದೆ, ಸ್ಪರ್ಶ ತಿರುಗಿ ಬರುವ ಭರವಸೆಯಿಲ್ಲ ಅಂದರು. ಅಮಾವಾಸ್ಯೆಯ ದಿನ ಗಾಡಿ ಹೊಟ್ಟೆ ಬಿಚ್ಚಿಕೊಂಡೇ ಮಲಗಿತ್ತು. ಕುಂಬಳಕಾಯಿ ಒಡೆಯಲಿಲ್ಲ. ಪಾಲಪ್ಪ ಶೆಡ್ಡಿಗೆ ಬರಲೇ ಇಲ್ಲ.

ಐದನೆಯ ದಿನ ದುರುಗವ್ವ ಅವನ ತೋಳು ಹಿಡಿದು ಕರೆತಂದಳು. ಹಳೆ ಸಾಮಾನಿನ ಅಂಗಡಿಯಿಂದ ಅಂಥದ್ದೇ ಗಂಟೆ ತರಿಸಿದ್ದಳು. ಸೆರಗು ಸಿಕ್ಕಿಸಿ, ಬಳೆ ಬಿಚ್ಚಿ ನನ್ನ ಕೈಗೆ ಕೊಟ್ಟು ಗಾಡಿಯ ಕೆಳಗೆ ನುಗ್ಗಿದಳು. ಬಳೆ ಮಡಿಲಿಗೆ ಹಾಕಿಕೊಂಡು ನಾನು ಬಗ್ಗಿ ನೋಡಿದೆ.

ಪಾಲಪ್ಪ ಕಟ್ಟು ಹಾಕಿದ ಕೈ ಎದೆಗಿಟ್ಟುಕೊಂಡು ಪಕ್ಕದಲ್ಲೇ ಮಲಗಿದ. "ಕಿಂಡಿಯಾಗ ಬೆರಳು ಹಾಕು. ಏನ್ ಸಿಗತೈತಿ?"

"ಹಲ್ಲು ಅದಾವು. ಚಕ್ಕುಲಿ ಒರಳಿನ ಬಿಲ್ಲಿ ಇದ್ದಂಗ."

"ದಂಡದ ಹಲ್ಲು ಅದರ ಸಂದಿಗೆ ಬಂದಾವೇನು?"

"ಒಂದು ಜೋಳದ ಕಾಳಿನಷ್ಟು ಆಕಡಿಗೆ ಐತಿ. ತಡಿ... ಸುಮ್ನಿರೋ, ಗದ್ದಲ ಮಾಡಬ್ಯಾಡ... ಹಾಂ, ಈಗ ನೂಕು."

ಅವನು ಮೊಣಕಾಲಿನಿಂದ ನೂಕಿದ. ಬೆಣ್ಣೆಗೆ ಬೆರಳು ಇಳಿದಂತೆ ಸರ್ರನೆ ಹೋಗಿ ಕೂತಿತು. ಒಂದು ಬೋಲ್ಟೂ ಹಾಕಿರಲಿಲ್ಲ.

ಬಸವಕುಮಾರ ಬಂದಾಗ ಪಾಲಪ್ಪ ಮುಚ್ಚಿಡಲಿಲ್ಲ. "ಕೂರಿಸಿದಾಕಿ ಈಕಿ. ನನ್ನ ಬೆರಳು ಸತ್ತಾವು. ಬ್ಯಾಡ ಅಂದ್ರ ಬಿಚ್ಚಿಕೊಡ್ತೀವಿ."

ಬಸವಕುಮಾರ ಅವನ ಕಟ್ಟು ಹಾಕಿದ ಕೈ ನೋಡಿದ, ದುರುಗವ್ವನ ಗ್ರೀಸ್ ಮೆತ್ತಿದ ಮೊಣಕೈ ನೋಡಿದ. "ಹತ್ರಿ, ನೋಡೂಣ" ಅಂದ. ನನ್ನನ್ನೂ ಹತ್ತಿಸಿಕೊಂಡರು. ಅವನು ನಡೆಸಿದ, ಪಾಲಪ್ಪ ಪಕ್ಕದಲ್ಲಿ ಕೂತ, ನಾವಿಬ್ಬರು ಹೆಂಗಸರು ಹಿಂದೆ. ಹಂಪಿಯ ಕಡೆ ತಿರುಗಿದ ಮೇಲೆ ನಾಲ್ಕನೆಯ ಗೇರು ಬಿತ್ತು, ಐದನೆಯದೂ ಬಿತ್ತು. ನಾನು ಮಾತ್ರ ಸೀಟು ಬಿಗಿಯಾಗಿ ಹಿಡಿದಿದ್ದೆ, ಈಗ ಮತ್ತೆ ಟಣ್ ಎನ್ನುತ್ತದೆ ಎಂದು.

ಪಾಲಪ್ಪ ಕಟ್ಟಿಲ್ಲದ ಎಡಗೈಯನ್ನು ಗೇರಿನ ಕೋಲಿನ ಮೇಲೆ ಇಟ್ಟ. ಬಹಳ ಹೊತ್ತು ಇಟ್ಟುಕೊಂಡೇ ಇದ್ದ. ಆಮೇಲೆ ಹಿಂದಕ್ಕೆ ತಿರುಗದೆ ಕೇಳಿದ: "ದುರುಗಿ, ನಡುಗತೈತೇನು ನೋಡು."

ಅವಳು ಮುಂದಕ್ಕೆ ಬಾಗಿ ಅವನ ಕೈಯ ಮೇಲೆ ತನ್ನ ಕೈ ಇಟ್ಟಳು.

"ಗಾಡಿ ನಡುಗವಲ್ದು" ಅಂದಳು. "ನಿನ್ನ ಕೈ ನಡುಗಾಕತ್ತೈತಿ."