ತಿರುಗುವ ಬಾಣ

ನನ್ನ ಮಾವನವರು ಅಜ್ಜಂಪುರದಲ್ಲಿ ಬಾಣಬಿರುಸು ಕಟ್ಟುತ್ತಿದ್ದರು. ಸುತ್ತಲಿನ ಮದುವೆ ಮೆರವಣಿಗೆಗಳಿಗೆಲ್ಲ ಅವರದೇ ಮದ್ದು. ಅವರ ಒಬ್ಬನೇ ಮಗ ಎರಡನೆಯ ಮಹಾಯುದ್ಧ ಬಂದದ್ದೇ ವಿಮಾನದಳಕ್ಕೆ ಸೇರಿ, ಇಂಗ್ಲೆಂಡಿನಿಂದ ಜರ್ಮನಿಯ ಮೇಲೆ ಹಾರುವ ಬಾಂಬರಿನಲ್ಲಿ ವೈರ್‌ಲೆಸ್ ಕೆಲಸಕ್ಕೆ ಕೂತರು. ಆ ಮಗನೇ ನನ್ನ ಗಂಡ. ಅವರು ಹೋದ ಮೇಲೆ ಮನೆಯಲ್ಲಿ ಓದುಬರಹ ಬರುತ್ತಿದ್ದದ್ದು ನನಗೊಬ್ಬಳಿಗೇ. ಕಡೂರಿನಲ್ಲಿ ಲೋಯರ್ ಸೆಕೆಂಡರಿ ಮುಗಿಸಿದ್ದೆ, ಅದರ ಜಂಬವೂ ಇತ್ತು.

ಒಂದು ಕಾಗದದ ಕೊನೆಗೆ ಅವರು ಬರೆದಿದ್ದರು: “ಅಪ್ಪನನ್ನು ಕೇಳು. ಮೇಲೇರುವ ಬಾಣ ನಡುದಾರಿಯಲ್ಲಿ ಅಡ್ಡ ತಿರುಗಬಹುದೇ?”

ವಿಮಾನವನ್ನು ಅಟ್ಟಿಸಿಕೊಂಡು ಹೋಗುವ ಬಾಣವನ್ನು ಜರ್ಮನಿಯವರು ನೆಲದಿಂದ ಬಿಡುತ್ತಾರಂತೆ ಎಂಬ ಗುಸುಗುಸು ಬೀರೂರು ಜಂಕ್ಷನ್ನಿನವರೆಗೂ ಬಂದಿತ್ತು. ಇವರು ಅಂಥದ್ದೇನೋ ಕಂಡಿರಬೇಕು ಎಂದುಕೊಂಡು ಮಾವನಿಗೆ ಓದಿ ಹೇಳಿದೆ.

ಮಾವ ನಕ್ಕುಬಿಟ್ಟರು. “ಬಾಲದ ಕಡ್ಡಿ ಇರೋ ಬಾಣ ಹೋದ ದಿಕ್ಕಿಗೇ ಹೋಗ್ತದೆ ಕಣಮ್ಮ. ತಿರುಗಲ್ಲ ಅಂತ ಬರ್ದುಬಿಡು.”

ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. “ಕಡ್ಡೀನೇ ಇಲ್ದಿದ್ರೆ, ಮಾವ?” ಎಂದೆ.

ಅವರ ನಗು ನಿಂತಿತು. ಮಾರನೆಯ ದಿನವೇ ಸೀಮೆಎಣ್ಣೆ ಡಬ್ಬಿಯ ತಗಡು ಕತ್ತರಿಸಿ, ಕಡ್ಡಿಯ ಬದಲು ನಾಲ್ಕು ರೆಕ್ಕೆ ಕಟ್ಟಿದರು. ಯುದ್ಧದ ಕಾಲ, ತರೀಕೆರೆಯ ಅಮಲ್ದಾರರ ಅಪ್ಪಣೆಯಿಲ್ಲದೆ ಚಿಟಿಕೆ ಮದ್ದು ಸುಡುವಂತಿರಲಿಲ್ಲ. ಸಿಕ್ಕಿಬಿದ್ದರೆ ಜೈಲೇ ಗತಿ. ಅದಕ್ಕೇ ಮಧ್ಯಾಹ್ನದ ಬೀರೂರು ರೈಲು ಸದ್ದು ಮಾಡುತ್ತ ಹಾದುಹೋಗುವಾಗ, ಕೆರೆಯ ಹಿಂದಿನ ಬಯಲಿನಲ್ಲಿ ಬತ್ತಿಗೆ ಬೆಂಕಿ ಇಡುತ್ತಿದ್ದೆವು. ದಿನಕ್ಕೆ ಒಂದೇ ಬಾಣ.

ಮೊದಲನೆಯದು ನೆಲಕ್ಕೇ ಮೂತಿ ಹೊಡೆಯಿತು. ಎರಡನೆಯದು ಮೇಲೇರದೆ ನೆಲದ ಮೇಲೇ ನಮ್ಮತ್ತ ಉರುಳಿ ಬಂದಾಗ, ಮಾವ ಪಂಚೆ ಎತ್ತಿಕೊಂಡು ಹಳ್ಳಕ್ಕೆ ಹಾರಿದರು. ಕಟ್ಟಿದ ಬಾಣ ಕೆಟ್ಟಿತೆಂದು ನಮ್ಮ ಮನೆಯವರು ಹಿಗ್ಗಿದ್ದು ಅದೇ ಮೊದಲು. ಪ್ರತಿಸಲವೂ ನಾನು ಸೆರಗಿನ ತುದಿ ಕಚ್ಚಿಕೊಂಡು, ಕೆಡಲಿ ದೇವರೇ, ತಿರುಗದೆ ಕೆಟ್ಟುಹೋಗಲಿ ಎಂದು ಬೇಡುತ್ತಿದ್ದೆ.

ಐದನೆಯದಕ್ಕೆ ಮಾವ ಒಂದು ರೆಕ್ಕೆಯನ್ನು ಬೆರಳಿನಿಂದ ತುಸು ಬಗ್ಗಿಸಿದರು. ಅದು ತೆಂಗಿನ ಮರದೆತ್ತರಕ್ಕೆ ಏರಿ, ಎಡಕ್ಕೆ ವಾಲಿ, ಅಡ್ಡಲಾಗಿ ಹೊರಟಿತು.

“ತಿರುಗ್ತು! ನೋಡಮ್ಮ, ತಿರುಗ್ಬಿಡ್ತು!” ಮಾವ ಚಪ್ಪಾಳೆ ತಟ್ಟಿದರು. ಮರುಗಳಿಗೆ ಮಗನ ಪ್ರಶ್ನೆ ನೆನಪಾಗಿ ಆ ಕೈ ಹಾಗೇ ನಿಂತಿತು.

ಮನೆಗೆ ಬಂದ ಮೇಲೆ ಹೇಳಿದರು: “ತಿರುಗಲ್ಲ ಅಂತ್ಲೇ ಬರಿ. ಅವ್ನು ಧೈರ್ಯವಾಗಿರ್ಲಿ.”

“ಕೇಳಿರೋರು ನಿಮ್ಮ ಮಗ. ಸುಳ್ಳು ಬರಿಯಲ್ಲ” ಎಂದು ಹಟ ಹಿಡಿದೆ. ಸತ್ಯ ಗೊತ್ತಿದ್ದರೆ ಜೀವ ಉಳಿದೀತು ಎಂದು ನನ್ನ ಲೆಕ್ಕ. ಮಾವ ಸೋತರು. ಸೋತರೂ ಉಪಾಯ ಹೇಳಿದರು: “ತಿರುಗ್ತದೆ, ಆದ್ರೆ ಉರಿ ಇರೋವರೆಗೆ ಮಾತ್ರ. ಉರಿ ಆರಿದ್ಮೇಲೆ ಅದು ಬರೀ ಕೊಳವೆ. ಆರೋದನ್ನ ಕಾಯ್ದು ಪಕ್ಕಕ್ಕೆ ಸರ್ಕೊ ಅನ್ನು.” ಒಂದಕ್ಷರ ಬಿಡದೆ ಬರೆದು ಟಪಾಲಿಗೆ ಹಾಕಿದೆ.

ಆಮೇಲೆ ಆರು ತಿಂಗಳು ಕಾಗದವಿಲ್ಲ. ಟಪಾಲಿನವನ ಸೈಕಲ್ ಗಂಟೆ ಕೇಳಿದರೆ ಮಾವನೂ ನಾನೂ ಬಾಗಿಲಿಗೆ ಓಡುತ್ತಿದ್ದೆವು.

ಯುದ್ಧ ಮುಗಿದು ಅವರು ಬಂದರು. ಜೀವ ಇತ್ತು, ಆದರೆ ಬೆಂಕಿಕಡ್ಡಿ ಗೀರಿದ ಸದ್ದಿಗೂ ಬೆಚ್ಚಿಬೀಳುತ್ತಿದ್ದರು. ಟ್ರಂಕಿನಲ್ಲಿ ನನ್ನ ಕಾಗದ ಸಿಕ್ಕಿತು. ಸೆನ್ಸಾರಿನವರು ಸಾಲುಸಾಲಾಗಿ ಕಪ್ಪು ಮಸಿ ಬಳಿದಿದ್ದರು. ಮಾವನ ಉಪಾಯವೆಲ್ಲ ಆ ಮಸಿಯ ಅಡಿಗೆ. ಉಳಿದದ್ದು ಇಷ್ಟೇ: “ಮಾವ ಹೇಳಿದರು, ತಿರುಗುತ್ತದೆ.” ಆ ಒಂದು ಮಾತು ಜೇಬಿನಲ್ಲಿಟ್ಟುಕೊಂಡು ಅವರು ಉಳಿದ ಹಾರಾಟವನ್ನೆಲ್ಲ ಮುಗಿಸಿದ್ದರು.

ಮುಂದೆ ಪತ್ರಿಕೆಯಲ್ಲಿ ಓದಿದೆ. ಜರ್ಮನಿಯವರು ನೆಲದಿಂದಲೇ ತಿರುಗಿಸುವ ಅಂಥ ಬಾಣಗಳನ್ನು ಕಟ್ಟಿದ್ದು ನಿಜ. ಆದರೆ ಅವು ಇನ್ನೂ ಪರೀಕ್ಷೆಯಲ್ಲಿ ಕೆಡುತ್ತಿರುವಾಗಲೇ ಯುದ್ಧ ಮುಗಿದಿತ್ತು. ನನ್ನ ಗಂಡ ಕಂಡದ್ದು ಬೇರೆ ಯಾವುದೋ ಬೆಂಕಿ. ತಿರುಗಲ್ಲ ಎಂದು ಮಾವ ಬರೆಯಲು ಹೇಳಿದ ಸುಳ್ಳೇ ಇವರ ಪಾಲಿಗೆ ನಿಜವಾಗಿತ್ತು. ನನ್ನ ಸತ್ಯವಂತಿಕೆಗಿಷ್ಟು ಬೆಂಕಿ ಬೀಳ!

ಮಾವ ಒಂದು ದಿನವೂ ನನ್ನನ್ನು ಆಡಿಕೊಳ್ಳಲಿಲ್ಲ. ಸುಮ್ಮನೆ ಮದ್ದಿನ ಒರಳನ್ನು ಮಾರಿಬಿಟ್ಟರು. ಇಂದಿಗೂ ನಾನು ಒಲೆಗೆ ಬೆಂಕಿಕಡ್ಡಿ ಗೀರುವ ಮೊದಲು ನಡುಮನೆಯಲ್ಲಿ ಕೂತ ನನ್ನ ಗಂಡನಿಗೆ ಕೇಳುವಂತೆ ಕೂಗುತ್ತೇನೆ: “ಗೀರ್ತೀನಿ ಕಣ್ರೀ.” ಅವರು “ಹ್ಞೂಂ” ಎಂದ ಮೇಲೆ ಗೀರುತ್ತೇನೆ.