ಮಂಗಳವಾರ ಮುಸ್ಸಂಜೆಯ ಕರೆಂಟು

ಲಂಡನ್ನಿಗೆ ಬಂದ ಹನ್ನೊಂದು ವರ್ಷಗಳ ಮೇಲೆ ಗಿರಿಜಾದೇವಿ ಅಕ್ಕ ಮತ್ತೆ ಟೀಚರ್ ಆದರು. ವಿಜಯಪುರದ ಕಡೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದವರು ಇಲ್ಲಿ ಅಷ್ಟು ವರ್ಷ ಕ್ವೀನ್ಸ್‌ಬರಿಯ ಒಂದು ದಿನಸಿ ಅಂಗಡಿಯಲ್ಲಿ ಕೌಂಟರಿನ ಹಿಂದೆ ನಿಂತಿದ್ದರು. ಗಂಡ ತೀರಿಕೊಂಡ ಮೇಲೆ ಅದೇ ಸಂಬಳದಲ್ಲಿ ಮಗ ಅನಿಕೇತನನ್ನು ಓದಿಸಿದರು, ಸಂಜೆ ತರಗತಿಗಳಿಗೆ ಹೋಗಿ ಇಲ್ಲಿನ ಟೀಚರ್ ತರಬೇತಿಯನ್ನೂ ಮುಗಿಸಿದರು. ಅನಿಕೇತ ಲೀಡ್ಸ್‌ಗೆ ಓದಲು ಹೋದಾಗ ಅವನ ಸಣ್ಣ ಕೋಣೆ ಖಾಲಿಯಾಯಿತು. 2014ರಲ್ಲಿ ನಾನು ಆ ಕೋಣೆಗೆ ಬಾಡಿಗೆಗೆ ಬಂದೆ.

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಹಾವೇರಿ ಜಿಲ್ಲೆಯ ಹಳ್ಳಿಯಿಂದ ನೇರವಾಗಿ ಇಲ್ಲಿಗೆ ಬಂದು ಎಂ.ಎಸ್ಸಿ.ಗೆ ಸೇರಿದ್ದೆ. ನನ್ನ ಪ್ರಬಂಧದ ಪ್ರತಿ ಪುಟವನ್ನೂ ಅಕ್ಕ ಪೆನ್ಸಿಲ್ ಹಿಡಿದು ಓದಿದ್ದಾರೆ. ಆ ಉಪಕಾರದ ಬಗ್ಗೆ ಬರೆಯಹೊರಟರೆ ಇದು ಮುಗಿಯುವುದಿಲ್ಲ. ಇಲ್ಲಿ ಹೇಳಬೇಕಾದದ್ದು ಮತ್ತೆ ಟೀಚರ್ ಆದ ಮೇಲಿನ ಅವರ ಮೊದಲ ಚಳಿಗಾಲದ ವಿಷಯ.

ಅವರಿಗೆ ಫಿಸಿಕ್ಸ್ ಕಲಿಸುವ ಕೆಲಸ ಸಿಕ್ಕ ಶಾಲೆ ಲೂಟನ್ ದಾಟಿ ಇನ್ನೂ ಆಚೆ, ನಮ್ಮ ಕಿಂಗ್ಸ್‌ಬರಿಯಿಂದ ಮೂವತ್ತಮೂರು ಮೈಲಿ ದೂರದಲ್ಲಿತ್ತು. ಏಪ್ರಿಲ್‌ನಲ್ಲಿ ಸೇರಿದರು. ಒಂದು ವರ್ಷ ಪರೀಕ್ಷಾವಧಿ. ಅದರ ಕೊನೆಗೆ ಶಾಲೆ ಒಪ್ಪಿದರೆ ಮಾತ್ರ ಕಾಯಂ, ಇಲ್ಲದಿದ್ದರೆ ಮತ್ತೆ ದಿನಸಿ ಅಂಗಡಿ. ಬಸ್ಸು, ಟ್ಯೂಬು ಎನ್ನುವ ಸುರಂಗದ ರೈಲು, ಆಮೇಲೆ ಊರಾಚೆಯ ರೈಲು, ಮತ್ತೆ ಬಸ್ಸು ಹಿಡಿದರೆ ಎರಡೂವರೆ ಗಂಟೆ ಹಿಡಿಯುತ್ತಿತ್ತು. ಕಾರಿನಲ್ಲಾದರೆ ಒಂದು ಗಂಟೆ ಸಾಕು.

ಆ ಕಾರು ಸಿಕ್ಕಿದ್ದು ಗುಣವತಿ ಆಂಟಿ ಮತ್ತು ಶೀನಪ್ಪ ಅಂಕಲ್ ಅವರಿಂದ. ನಾವಿದ್ದದ್ದು ಅಂಗಡಿಯೊಂದರ ಮೇಲಿನ ಫ್ಲ್ಯಾಟಿನಲ್ಲಿ. ಅದೇ ರಸ್ತೆಯಲ್ಲಿ ಐದಾರು ಮನೆ ಆಚೆ, ಮುಂದೆ ಕಾರು ನಿಲ್ಲಿಸುವಷ್ಟು ಅಂಗಳವಿದ್ದ ಮನೆ ಅವರದು. ಉಡುಪಿ ಕಡೆಯವರು. ಅಂಕಲ್ ಮೂವತ್ತು ವರ್ಷ ಹೋಟೆಲ್ ಅಡುಗೆಮನೆಯಲ್ಲಿ ದುಡಿದು ನಿವೃತ್ತರಾಗಿದ್ದರು. ಮಗಳು ಶೀತಲ್ ಎಲೆಕ್ಟ್ರಿಕ್ ಕಾರು ಕೊಂಡು, ಅಂಗಳದ ಗೋಡೆಗೆ ಚಾರ್ಜರ್ ಹಾಕಿಸಿ, ಮದುವೆಯಾಗಿ ವಾಟ್‌ಫರ್ಡ್‌ಗೆ ಹೋದಳು. ಕಾರನ್ನು ಅಕ್ಕನಿಗೆ ಮಾರಿದಳು, ಚಾರ್ಜರ್ ಗೋಡೆಯಲ್ಲೇ ಉಳಿಯಿತು. “ಅದು ಅಲ್ಲಿ ಸುಮ್ಮನೆ ಇದ್ದು ಎಂತ ಮಾಡುದು? ಕಾರು ಇಲ್ಲೇ ನಿಲ್ಲಿಸಿ ಟೀಚರೇ,” ಎಂದರು ಆಂಟಿ. ಬಳಸಿದ ಕರೆಂಟಿಗೆ ಅಕ್ಕ ತಿಂಗಳಿಗೊಮ್ಮೆ ಹಣ ಕೊಡುತ್ತಿದ್ದರು.

ಬೇಸಿಗೆಯಲ್ಲಿ ತೊಂದರೆಯಿರಲಿಲ್ಲ. ಬ್ಯಾಟರಿ ತುಂಬಿದರೆ ಕಾರು ಎಂಬತ್ತೈದು ಮೈಲಿ ಓಡುತ್ತಿತ್ತು, ಹೋಗಿಬರಲು ಬೇಕಾದದ್ದು ಅರವತ್ತಾರು. ನವೆಂಬರ್ ಬಂದಂತೆ ಲೆಕ್ಕ ಬದಲಾಯಿತು. ಚಳಿಗೆ ಬ್ಯಾಟರಿಯ ಶಕ್ತಿ ಕುಗ್ಗುತ್ತದೆ. ಹೀಟರ್ ಹಾಕಿದರೆ ಅರವತ್ತು ಮೈಲಿ, ಹಾಕದಿದ್ದರೆ ಎಪ್ಪತ್ತೆರಡು. ಹಾಗಾಗಿ ಅಕ್ಕ ಹೀಟರ್ ಹಾಕುತ್ತಲೇ ಇರಲಿಲ್ಲ. ಎರಡು ಸ್ವೆಟರ್, ಕೈಗವಸು, ತೊಡೆಯ ಮೇಲೆ ತಾಯಿ ಹೊಲಿದುಕೊಟ್ಟ ಕೌದಿ, ಗಾಜಿನ ಮಂಜು ಒರೆಸಲು ಪಕ್ಕದಲ್ಲೊಂದು ಹಳೆ ಬಟ್ಟೆ. ಶಾಲೆಯಲ್ಲಿ ಕಾರು ನಿಲ್ಲಿಸುವ ಜಾಗಕ್ಕೆ ಕರೆಂಟಿನ ಸೌಲಭ್ಯವಿರಲಿಲ್ಲ. ಸಂಜೆ ಮನೆ ಮುಟ್ಟುವಾಗ ಐದಾರು ಮೈಲಿ ಉಳಿದಿರುತ್ತಿತ್ತು. ಅಂದರೆ ಪ್ರತಿ ರಾತ್ರಿ ಚಾರ್ಜ್ ಆಗಲೇಬೇಕು, ಒಂದು ರಾತ್ರಿ ತಪ್ಪಿದರೂ ಮರುದಿನ ಕಾರಿಲ್ಲ.

ಆದರೂ ಮಂಗಳವಾರ ಮತ್ತು ಶುಕ್ರವಾರ ಅಕ್ಕ ಕಾರನ್ನು ಆ ಅಂಗಳಕ್ಕೆ ಒಯ್ಯದೆ ನಮ್ಮ ಫ್ಲ್ಯಾಟಿನ ಕೆಳಗೆ ರಸ್ತೆಯಲ್ಲೇ ನಿಲ್ಲಿಸತೊಡಗಿದರು. ಅದಕ್ಕೆ ಕಾರಣ ನಾನೇ ಎಂದರೂ ತಪ್ಪಿಲ್ಲ. ಬೇಸಿಗೆಯ ಒಂದು ಮಂಗಳವಾರ ಸಂಜೆ ಆಂಟಿಯ ಹತ್ತಿರ ಹೆಪ್ಪಿಗೆ ಮೊಸರು ಕೇಳಲು ಹೋಗಿದ್ದೆ. ಒಳಗೆ ದೇವರ ದೀಪ ಉರಿಯುತ್ತಿತ್ತು. “ಮಂಗಳವಾರ, ಶುಕ್ರವಾರ ದೀಪ ಹಚ್ಚಿದ ಮೇಲೆ ಮನೆಯಿಂದ ಎಂತದೂ ಕೊಡುದಿಲ್ಲ ಮಾರಾಯ್ತಿ. ಉಪ್ಪಿಲ್ಲ, ಮೊಸರಿಲ್ಲ, ದುಡ್ಡಿಲ್ಲ. ನಾಳೆ ಬೆಳಿಗ್ಗೆ ಬಾ, ಒಂದು ಲೋಟ ಕೊಡ್ತೇನೆ,” ಎಂದರು. ನಾನು ಮನೆಗೆ ಬಂದು ನಗುತ್ತ ಹೇಳಿದೆ. ಅಕ್ಕ ನಗಲಿಲ್ಲ.

ಬೇಸಿಗೆಯಲ್ಲಿ ಇಲ್ಲಿ ಕತ್ತಲಾಗಲು ಒಂಬತ್ತು ಗಂಟೆಯಾಗುತ್ತದೆ, ಅಕ್ಕ ಆರಕ್ಕೆಲ್ಲ ಬಂದು ವೈರು ಸಿಕ್ಕಿಸಿಬಿಡುತ್ತಿದ್ದರು. ಚಳಿಗಾಲದಲ್ಲಿ ಅವರು ಬರುವುದರೊಳಗೇ ಕತ್ತಲು. ಆಂಟಿಯ ದೀಪ ಆಗಲೇ ಹೊತ್ತಿರುತ್ತಿತ್ತು. ಶುಕ್ರವಾರದ ಚಾರ್ಜು ಶನಿವಾರ ಆಗುತ್ತಿತ್ತು. ಹತ್ತಿರದಲ್ಲಿ ಬೇರೆ ಚಾರ್ಜರ್ ಇಲ್ಲದ್ದರಿಂದ ಮಂಗಳವಾರದ್ದಕ್ಕೆ ಮಾತ್ರ ದಾರಿಯಿರಲಿಲ್ಲ. ಬುಧವಾರ ನಸುಕಿನ ಮೊದಲ ಬಸ್ಸು ಹಿಡಿದು ಶಾಲೆಗೆ ಹೋಗುತ್ತಿದ್ದರು.

“ಕೇಳಿದರ ಅವರು ಇಲ್ಲ ಅನ್ನಂಗಿಲ್ಲ, ತಂಗಿ,” ಎಂದರು ಅಕ್ಕ ಒಮ್ಮೆ. “ಅದಕ್ಕಽ ಕೇಳಬಾರದು. ನನ್ನ ಸಲುವಾಗಿ ಆ ಹೆಣ್ಣಮಗಳು ತನ್ನ ನೇಮ ಯಾಕ ಮುರೀಬೇಕು? ನೀನೂ ಹೇಳಬ್ಯಾಡ.”

ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಡಿಸೆಂಬರ್ ಹೇಗೋ ಕಳೆಯಿತು. ಜನವರಿಯಲ್ಲಿ ಹಿಮ ಬಿದ್ದು ರೈಲುಗಳು ತಡವಾದವು. ಮೂರು ಬುಧವಾರ ಮೊದಲ ಪಿರಿಯಡ್ಡಿನ ಅರ್ಧ ಮುಗಿದ ಮೇಲೆ ಅಕ್ಕ ತರಗತಿಗೆ ಹೋದರು. ಆ ತರಗತಿಯ ಮಕ್ಕಳಿಗೆ ಅದೇ ವರ್ಷ ದೊಡ್ಡ ಪರೀಕ್ಷೆ. ಫೆಬ್ರವರಿ ಮೊದಲ ವಾರ ಮುಖ್ಯೋಪಾಧ್ಯಾಯಿನಿ ಕರೆದು, ಮೃದುವಾಗಿಯೇ, ಒಂದು ಪತ್ರ ಕೊಟ್ಟರು. ಪಾಠದ ಬಗ್ಗೆ ಅದರಲ್ಲಿ ಒಳ್ಳೆಯ ಮಾತುಗಳೇ ಇದ್ದವು. ಕೊನೆಯ ಸಾಲು ಮಾತ್ರ ಬೇರೆ: ಇನ್ನೊಂದು ಸಲ ತಡವಾದರೆ ಕಾಯಂ ಮಾಡಲು ಶಿಫಾರಸು ಮಾಡಲಾಗುವುದಿಲ್ಲ.

ಮುಂದಿನ ಮಂಗಳವಾರ ಸಂಜೆ ಟ್ಯೂಬ್ ಸ್ಟೇಷನ್ನಿನಿಂದ ಅಕ್ಕ ನನ್ನನ್ನು ಕಾರಿನಲ್ಲಿ ಕರೆದುಕೊಂಡು ಬರುತ್ತಿದ್ದಾಗ, ಮರುದಿನ ಮತ್ತೆ ಹಿಮ ಬೀಳುತ್ತದೆಂದು ರೇಡಿಯೋದಲ್ಲಿ ಹೇಳುತ್ತಿದ್ದರು. ಆಂಟಿಯ ಮನೆ ದಾಟುವಾಗ ಶೀನಪ್ಪ ಅಂಕಲ್ ಗೇಟಿನಲ್ಲಿ ನಿಂತು ಕೈ ಅಡ್ಡ ಮಾಡಿದರು. ಅಕ್ಕ ಕಾರು ನಿಲ್ಲಿಸಿ ಗಾಜು ಇಳಿಸಿದರು.

“ಒಂದು ಕೇಳುದುಂಟು ಟೀಚರೇ, ಬೇಸರ ಮಾಡ್ಬೇಡಿ. ನಾನು ಬೆಳಿಗ್ಗೆ ಐದಕ್ಕೆ ವಾಕಿಂಗ್ ಹೋಗುವವ. ಬುಧವಾರ ಬುಧವಾರ ನೀವು ಬಸ್ ಸ್ಟಾಪಿನಲ್ಲಿ ಎಂತ ಮಾಡುದು?”

“ಏನಿಲ್ರಿ ಅಣ್ಣಾರ. ವಾರದಾಗ ಒಂದಿನಾರ ನಡದರ ಮೈಗೆ ಛಲೋ ಅಂತ.”

“ಬಸ್ಸಿನಲ್ಲಿ ಕೂತು ನಡೆಯುದು ಹೇಗೆ? ನನಗೂ ಸ್ವಲ್ಪ ಹೇಳಿಕೊಡಿ, ಮೊಣಗಂಟು ನೋವುಂಟು.”

ಬಾಗಿಲಿನಿಂದ ಆಂಟಿ ಕೂಗಿದರು: “ಚಳಿಯಲ್ಲಿ ನಿಂತು ಎಂತ ಪಂಚಾಯಿತಿಕೆ? ಒಳಗೆ ಬನ್ನಿ ಎಲ್ಲ.”

ಒಳಗೆ ಹೋದೆವು. ದೀಪ ಉರಿಯುತ್ತಿತ್ತು. ಆಂಟಿ ಚಹಾ ತಂದಿಟ್ಟರು. ಅಕ್ಕ ಹವಾಮಾನದ ಮಾತು ತೆಗೆದರು. ನನಗೆ ತಡೆಯಲಾಗಲಿಲ್ಲ.

“ನಾಳೆ ಹೊತ್ತಿಗೆ ಸರಿಯಾಗಿ ಮುಟ್ಟಲಿಲ್ಲ ಅಂದರ ಅಕ್ಕನ ಕೆಲಸ ಹೋಗತೈತ್ರಿ ಆಂಟಿ,” ಎಂದೆ.

“ತಂಗಿ, ಸುಮ್ಮನಿರು.”

“ಮಂಗಳವಾರ ದೀಪ ಹಚ್ಚಿದ ಮ್ಯಾಲ ನೀವು ಏನೂ ಕೊಡೂದಿಲ್ಲಲ್ರಿ, ಅದಕ್ಕ ಅಕ್ಕ ಕರೆಂಟ್ ತಗೊಳ್ಳೂದಿಲ್ಲ. ಕಾರು ಖಾಲಿ ಇರತೈತಿ. ಅದಕ್ಕ ಬಸ್ಸು.”

ಆಂಟಿ ಕೈಯಲ್ಲಿದ್ದ ಲೋಟ ಕೆಳಗಿಟ್ಟರು. “ಕರೆಂಟಾ? ನಾನು ಯಾವಾಗ ಕರೆಂಟು ಕೊಡುದಿಲ್ಲ ಅಂದೆ?”

“ನೀವು ಅಂದಿಲ್ರಿ ಅಕ್ಕಾರ, ನಾನಽ ತಿಳಕೊಂಡೆ,” ಎಂದರು ಅಕ್ಕ, ತಲೆ ತಗ್ಗಿಸಿ. “ನಮ್ಮವ್ವನೂ ಹಂಗಽ ಇದ್ದಳು. ದೀಪ ಹಚ್ಚಿದ ಮ್ಯಾಲ ಒಲಿಯಾಗಿನ ಕೆಂಡ ಯಾರಿಗೂ ಕೊಡತಿದ್ದಿಲ್ಲ. ಇದೂ ಬೆಂಕೀನಽ ಅಲ್ರಿ?”

“ಫಿಸಿಕ್ಸ್ ಟೀಚರ್ ಅಂತೆ,” ಎಂದರು ಅಂಕಲ್. “ಶಾಲೆಯಲ್ಲಿ ಇದನ್ನೇ ಕಲಿಸುದಾ?”

“ಶಾಲ್ಯಾಗ ಬ್ಯಾರೆ ಕಲಸ್ತೀನ್ರಿ ಅಣ್ಣಾರ.”

ನಾನು ನಕ್ಕೆ. ಆಂಟಿ ನಗಲಿಲ್ಲ. ಅವರು ದೀಪದ ಕಡೆ ನೋಡುತ್ತಿದ್ದರು. “ಅವರು ಹೇಳುದರಲ್ಲಿ ಸುಳ್ಳಿಲ್ಲ ಮಾರಾಯ್ರೆ,” ಎಂದರು ಗಂಡನಿಗೆ. “ನನಗೆ ಇಷ್ಟು ದಿನ ಹೊಳೆಯಲೇ ಇಲ್ಲ. ಬೆಂಕಿಯೇ ಅಲ್ವಾ ಅದು?”

ಮಾತು ಮುರಿದು ಕೆಲಸ ಕೆಡಿಸಿದೆನೆಂದುಕೊಂಡೆ. ಅಕ್ಕ ಏಳಲು ಹೊರಟರು.

“ಕೂತುಕೊಳ್ಳಿ ಟೀಚರೇ,” ಎಂದರು ಅಂಕಲ್. ಆಮೇಲೆ ಹೆಂಡತಿಯನ್ನು ಕೇಳಿದರು: “ಗುಣಾ, ಮಂಗಳವಾರ ಸಂಜೆ ಮನೆಗೆ ಜನ ಬಂದರೆ ನೀನು ಊಟ ಹಾಕುದಿಲ್ವಾ?”

“ಹಾಕದೆ? ಹಾಗೇ ಕಳಿಸ್ಲಿಕ್ಕುಂಟಾ?”

“ಮತ್ತೆ ಅದು ಕೊಡುದಲ್ವಾ?”

“ಅದು ಹೇಗೆ ಕೊಡುದು? ಅವರು ಇಲ್ಲೇ ಕೂತು ಉಣ್ಣುದು. ಹೊಸ್ತಿಲು ದಾಟಿಸಿ ಕೈಗೆ ಕೊಟ್ಟು ಕಳಿಸುದು ಬೇರೆ.”

“ಕಾರು ಎಲ್ಲಿ ನಿಲ್ಲುದು? ನಮ್ಮ ಅಂಗಳದಲ್ಲಿ. ರಾತ್ರಿಯಿಡೀ ಇಲ್ಲೇ ಇದ್ದು ಉಂಡು, ಬೆಳಿಗ್ಗೆ ಎದ್ದು ಹೋಗ್ತದೆ. ಕರೆಂಟನ್ನು ಡಬ್ಬಿಯಲ್ಲಿ ಕಟ್ಟಿಕೊಂಡು ಹೋಗ್ತದಾ?”

ಅಕ್ಕನೊಳಗಿನ ಫಿಸಿಕ್ಸ್ ಟೀಚರಿಗೆ ಸುಮ್ಮನಿರಲಾಗಲಿಲ್ಲ. “ಹಂಗ ನೋಡಿದರ ಬ್ಯಾಟ್ರಿ ಅಂದ್ರ ಡಬ್ಬೀನಽ ಅಲ್ರಿ ಅಣ್ಣಾರ,” ಎಂದರು.

“ನೀವು ಸ್ವಲ್ಪ ಬಾಯಿ ಮುಚ್ಚಿ ಟೀಚರೇ,” ಎಂದರು ಆಂಟಿ. ಅವರ ಮುಖ ತಿಳಿಯಾಗಿತ್ತು. “ಉಂಡವರು ಹೊಟ್ಟೆಯಲ್ಲಿ ಹಾಕಿಕೊಂಡು ಹೋಗುದನ್ನು ಯಾರಾದರೂ ಡಬ್ಬಿ ಅಂತ ಹೇಳ್ತಾರಾ? ಕಾರು ಒಳಗೆ ತನ್ನಿ.”

ಅಕ್ಕ ಕಾರು ಒಳಗೆ ತಂದರು. ಆಂಟಿ ಸೀರೆಯ ಮೇಲೆ ದಪ್ಪ ಕೋಟು ಹಾಕಿಕೊಂಡು ಹೊರಗೆ ಬಂದರು. ಅಷ್ಟು ವರ್ಷ ಆ ಚಾರ್ಜರನ್ನು ಅವರು ಮುಟ್ಟಿರಲಿಲ್ಲ. ವೈರಿನ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು, ಅಕ್ಕ ತೋರಿಸಿದಲ್ಲಿ ಒತ್ತಿ ಸಿಕ್ಕಿಸಿದರು. ಕಾರಿನ ಮುಂದೆ ನೀಲಿ ದೀಪ ಮಿನುಗಿತು. ಅಕ್ಕ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ, ಆಂಟಿಯೂ ನೋಡಿದರು.

“ಇನ್ನೊಂದು,” ಎಂದರು ಆಂಟಿ. “ವೈರು ಸಿಕ್ಕಿಸಿರುವಾಗಲೇ ಹೀಟರ್ ಹಾಕಿ ಕಾರು ಬೆಚ್ಚಗೆ ಮಾಡಿಕೊಂಡು ಹೊರಡ್ತಿದ್ದಳು ಶೀತಲ್. ಬ್ಯಾಟರಿ ಖರ್ಚಾಗುದಿಲ್ಲ ಅಂತಿದ್ದಳು. ನೀವು ಅದನ್ನೂ ಮಾಡುದಿಲ್ಲ, ನಾನು ನೋಡಿದ್ದೇನೆ. ಯಾಕೆ?”

“ನಿಮ್ಮ ಕರೆಂಟು ಸುಮ್ಮನ ಜಾಸ್ತಿ ಯಾಕ ಅಂತ.”

“ಉಣ್ಣಲಿಕ್ಕೆ ಕೂತವರು ಅರ್ಧ ಹೊಟ್ಟೆಯಲ್ಲಿ ಏಳುದಲ್ಲ.”

ಬುಧವಾರ ಬೆಳಿಗ್ಗೆ ಆರಕ್ಕೆ ನಾನೂ ಅಕ್ಕನ ಜೊತೆ ಇಳಿದು ಹೋದೆ. ತೆಳ್ಳಗೆ ಹಿಮ ಬಿದ್ದಿತ್ತು. ಅಂಕಲ್ ಆಗಲೇ ಕಾರಿನ ಗಾಜಿನ ಮೇಲಿನ ಮಂಜುಗಡ್ಡೆ ಕೆರೆದು ತೆಗೆದಿದ್ದರು. ಅಕ್ಕ ಹೀಟರಿಗೆ ರಾತ್ರಿಯೇ ಸಮಯ ಗೊತ್ತುಮಾಡಿಟ್ಟಿದ್ದರಿಂದ ಒಳಗೆ ಬೆಚ್ಚಗಿತ್ತು. ಬ್ಯಾಟರಿ ಪೂರ್ತಿ ತುಂಬಿತ್ತು. ಎಂಟಕ್ಕೆ ಹತ್ತು ನಿಮಿಷವಿರುವಾಗ ಅಕ್ಕನ ಮೆಸೇಜು ಬಂತು, ಶಾಲೆ ಮುಟ್ಟಿದ್ದೇನೆ ಎಂದು. ನಾನು ಅದನ್ನು ಆಂಟಿಗೆ ಓಡಿಹೋಗಿ ಹೇಳಿದೆ. ಆ ಚಳಿಗಾಲದಲ್ಲಿ ಮತ್ತೆ ಯಾವ ಬುಧವಾರವೂ ಅವರು ತಡವಾಗಲಿಲ್ಲ.

ಆ ಸಂಜೆಯ ಬಗ್ಗೆ ಅಕ್ಕ ಆಮೇಲೆ ನನಗೊಂದು ಮಾತು ಹೇಳಿದರು. “ಕೇಳದಽ ಇರೋದು ದೊಡ್ಡತನ ಅಂತ ತಿಳಿದಿದ್ದೆ ತಂಗಿ. ಅವರು ಏನಂತಾರ ಅನ್ನೋದನ್ನ ನಾನಽ ತೀರ್ಮಾನ ಮಾಡಿಬಿಟ್ಟಿದ್ದೆ. ಅದು ತಪ್ಪು.” ಕೊಟ್ಟ ಮಾತು ಮುರಿದದ್ದಕ್ಕೆ ನನ್ನನ್ನು ಬೈಯಲಿಲ್ಲ.

ಕಾಯಂ ಆದ ಪತ್ರ ಏಪ್ರಿಲ್ ಕೊನೆಗೆ ಬಂತು. ಅನಿಕೇತನಿಗೆ ಫೋನ್ ಮಾಡುವ ಮೊದಲು ಅಕ್ಕ ಅದನ್ನು ಹಿಡಿದುಕೊಂಡು ಆಂಟಿಯ ಮನೆಗೆ ಹೋದರು. ಆಂಟಿಗೆ ಇಂಗ್ಲಿಷ್ ಮಾತು ತಿಳಿಯುತ್ತದೆ, ಆಫೀಸಿನ ಕಾಗದ ಓದಿ ರೂಢಿಯಿಲ್ಲ. ಅಕ್ಕ ನಿಂತುಕೊಂಡೇ ಓದಿ, ಪ್ರತಿ ಸಾಲನ್ನೂ ಕನ್ನಡದಲ್ಲಿ ಹೇಳಿದರು. ಅಂಕಲ್ ಟಿ.ವಿ. ಆರಿಸಿ ಕೇಳುತ್ತಿದ್ದರು.

“ಇನ್ನೊಮ್ಮೆ ಓದಿ ಟೀಚರೇ,” ಎಂದರು ಆಂಟಿ.

ಅಕ್ಕ ಕುರ್ಚಿ ಎಳೆದುಕೊಂಡು ಅವರ ಪಕ್ಕ ಕೂತು, ಮೊದಲಿನಿಂದ, ನಿಧಾನವಾಗಿ ಓದಿದರು.