ರಂಗೂನ್ ಅತ್ತೆಯ ಪ್ರಸ್ಥಾನ

ನವೆಂಬರ್ ಬಂತೆಂದರೆ ನಾನಿನ್ನೂ ಬದುಕಿದ್ದೇನೆಂದು ಸರಕಾರಕ್ಕೆ ತಿಳಿಸಲು ಕುಮಟೆಯ ಬ್ಯಾಂಕಿಗೆ ಹೋಗಬೇಕು. ಪೆನ್ಶನ್ ಉಣ್ಣುವವರ ಹಣೆಬರಹ ಅದು. ಈ ಸಲ ಮಂಡಿನೋವೂ ಜೊತೆಗೆ ಬಂದಿದ್ದರಿಂದ ಬೆಂಚಿನ ಮೇಲೆ ಕೂತು ಸಾಕಷ್ಟು ಗೊಣಗಿದೆ. ಮೂವತ್ತು ಚಿಲ್ಲರೆ ವರ್ಷ ಮಕ್ಕಳ ಹಾಜರಿ ಕರೆದವಳು ಈಗ ತನ್ನ ಹಾಜರಿ ಹಾಕಿಸಿಕೊಳ್ಳಲು ಸರದಿಯಲ್ಲಿ ಕೂರಬೇಕು. ಅಷ್ಟರಲ್ಲಿ ಕೌಂಟರಿನ ಹುಡುಗಿ ಠಸ್ಸೆಯ ಡಬ್ಬಿ ತೆರೆದಳು. ಆ ನೇರಳೆ ಮಸಿಯ ವಾಸನೆ ಮೂಗಿಗೆ ಬಡಿದದ್ದೇ ನನ್ನ ಗೊಣಗಾಟ ಅರ್ಧಕ್ಕೆ ನಿಂತಿತು.

ಪಕ್ಕದಲ್ಲಿ ಹೊನ್ನಾವರದ ನಿವೃತ್ತ ಎಂಜಿನಿಯರರೊಬ್ಬರು ಕೂತಿದ್ದರು. ಗಂಡ ಹೆಂಡತಿ ಇಬ್ಬರೂ ಥಾಯ್ಲೆಂಡಿಗೆ ಹೋಗಿ ಸಮುದ್ರದ ದಂಡೆಯಲ್ಲಿ ಇರಬೇಕೆಂದಿದ್ದಾರಂತೆ. "ನಿವೃತ್ತರಿಗೇ ಅಂತ ಒಂದು ವೀಸಾ ಇದೆ ಅಕ್ಕೋರೇ. ಆದ್ರೆ ನಡುವೆ ಊರಿಗೆ ಬಂದು ಹೋಗೂದಾದ್ರೆ, ಹೊರಡೂ ಮೊದಲೇ ತಿರುಗಿ ಒಳಗೆ ಬರೂ ಪರವಾನಗಿ ತಗಳ್ಬೇಕಂತೆ. ಮರೆತು ಹೊರಟ್ರೆ ವೀಸಾ ಅಲ್ಲಿಗೇ ಖಲಾಸ್. ಇದೆಂತ ಹುಚ್ಚು ಕಾಯ್ದೆ ಹೇಳಿ!" ಎಂದರು. ಹೊನ್ನಾವರದಲ್ಲಿ ಇಷ್ಟುದ್ದ ಸಮುದ್ರ ಬಿದ್ದಿರುವಾಗ ಇನ್ನೊಂದು ಸಮುದ್ರ ಹುಡುಕಿಕೊಂಡು ಹೋಗುವ ಇವರಿಗೇ ಹುಚ್ಚು ಎಂದು ಒಳಗೊಳಗೇ ನಕ್ಕೆ. ಆದರೆ ಆ ಕಾಯ್ದೆ ನನಗೆ ಹೊಸದಲ್ಲ. ಅದನ್ನು ನಾನು ಕಲಿತದ್ದು ನಮ್ಮ ರಂಗೂನ್ ಅತ್ತೆಯಿಂದ.

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಧಾರೇಶ್ವರದ ನಮ್ಮ ಮನೆಯಲ್ಲೇ ಹುಟ್ಟಿದವಳು. ಮದುವೆಯಾಗಿ ಗಂಡನ ಜೊತೆ ಬರ್ಮಾಕ್ಕೆ ಹೋದಳು. ಮಾವ ರಂಗೂನಿನಲ್ಲಿ ಖಾನಾವಳಿ ಇಟ್ಟಿದ್ದರು. ಆ ದೇಶ ಸ್ವತಂತ್ರವಾದಾಗ ಅಂಗಡಿ ಉಳಿಯಬೇಕಲ್ಲ ಎಂದು ಅಲ್ಲಿಯ ಪ್ರಜೆಯಾದರು, ಅತ್ತೆಯನ್ನೂ ಮಾಡಿಸಿದರು. ಮಾವ ತೀರಿಕೊಂಡ ಮೇಲೆ ಅತ್ತೆ ಖಾನಾವಳಿಯನ್ನು ಮಗಳು ಅಳಿಯನಿಗೆ ಒಪ್ಪಿಸಿ, ಉಳಿದ ಆಯುಷ್ಯ ತವರಿನಲ್ಲಿ ಕಳೆಯುತ್ತೇನೆಂದು ಬಂದುಬಿಟ್ಟಳು. ಅರವತ್ತರ ದಶಕ ಆಗಷ್ಟೇ ಕಾಲಿಡುತ್ತಿದ್ದ ಹೊತ್ತು ಅದು. ನಾನು ಊರ ಶಾಲೆಯಲ್ಲಿ ಹೊಸದಾಗಿ ಅಕ್ಕೋರು ಆಗಿದ್ದೆ. ಎಲ್ಲ ಬಲ್ಲೆನೆಂಬ ಠೇಂಕಾರ ಬೇರೆ ಇತ್ತು.

ಕಾಯ್ದೆಯ ಪ್ರಕಾರ ಅತ್ತೆ ವಿದೇಶಿ! ಊರಿನ ಯಾವ ಬಾವಿಯ ನೀರು ಸಿಹಿ, ಯಾವುದು ಉಪ್ಪು ಎಂದು ಬಲ್ಲವಳು ವರ್ಷಕ್ಕೊಮ್ಮೆ ಕುಮಟೆಗೆ ಹೋಗಿ ಇಲ್ಲಿ ಇರಲು ಅಪ್ಪಣೆ ಕೇಳಿ, ಅದೇ ನೇರಳೆ ಮಸಿಯ ಠಸ್ಸೆ ಹಾಕಿಸಿಕೊಂಡು ಬರಬೇಕು. ಮಿಕ್ಕಂತೆ ಹವಾಲ್ದಾರರು ಆಗಾಗ ಸೈಕಲ್ಲಿನಲ್ಲಿ ಬಂದು, ವಿದೇಶಿ ಮನೆಯಲ್ಲಿದ್ದಾಳೋ ಇಲ್ಲವೋ ಎಂದು ನೋಡಿ ಹೋಗುವರು. ನಮಗೆಲ್ಲ ಅದು ಅವಮಾನ. ಅತ್ತೆಗೆ ಮಾತ್ರ ಏನೂ ಅಲ್ಲ. ಬರ್ಮಾದ ಬಣ್ಣದ ಕಾಗದದ ಕೊಡೆ ಬಿಚ್ಚಿಕೊಂಡು ಕುಮಟೆಯ ಕಚೇರಿಗೆ ನೆಂಟರ ಮನೆಗೆ ಹೋದ ಹಾಗೆ ಹೋಗಿ ಬರುತ್ತಿದ್ದಳು. "ಭಾರತದ ಪ್ರಜೆ ಆಗಿಬಿಡು ಅತ್ತೆ, ಕಿರಿಕಿರಿ ತಪ್ತು" ಎಂದು ನಾನು ಒಮ್ಮೆ ಬುದ್ಧಿ ಹೇಳಿದೆ. "ಆಗಿಬಿಟ್ರೆ ಮಗಳ ಮನೆಗೆ ಹೋಪಲೆ ಅಲ್ಲಿಯವ್ರ ಕಾಲು ಹಿಡಿಯವು. ಯಂಗೆ ಎರಡೂ ಬೇಕು. ಕಿರಿಕಿರಿ ಇದ್ರೆ ಇರ್ಲಿ" ಎಂದಳು. ಬುದ್ಧಿ ಹೇಳುವ ಚಪಲ ನನಗೆ ಅಂದಿನಿಂದಲೂ ಇದೆ, ಕೇಳುವವರು ಮಾತ್ರ ಅಂದಿನಿಂದಲೂ ಇಲ್ಲ.

ಒಂದು ದಿನ ರಂಗೂನಿನಿಂದ ಸುದ್ದಿ ಬಂತು. ಬಹಳ ವರ್ಷ ಕಾದ ಮೇಲೆ ಮಗಳು ಬಸುರಿ. ಅತ್ತೆ ಬಾಣಂತನಕ್ಕೆ ಹೋಗುತ್ತೇನೆಂದಳು, ಮುಗಿಸಿ ತಿರುಗಿ ಬರುತ್ತೇನೆಂದೂ ಹೇಳಿದಳು. ಕೊಲಂಬೊ ತಿರುಗಿ ಬಂದಿದ್ದ ಭಟ್ಕಳದ ಜವಳಿ ವ್ಯಾಪಾರಿಯೊಬ್ಬರು ಹೊನ್ನಾವರದ ಪೇಟೆಯಲ್ಲಿ ಅವಳನ್ನು ಎಚ್ಚರಿಸಿದ್ದರು: "ಜಾನಾ ಆಸಾನ್ ಹೈ ಅಮ್ಮಾ, ಹೋಗೂದು ಸುಲಭ. ವಾಪಸಿಯ ಪರ್ಮಿಟ್ ಕೈಗೆ ಬರೂ ತನಕ ಹಡಗು ಹತ್ತಬೇಡಿ. ಆಮೇಲೆ ಈ ಕಡೆ ಬಾಗಿಲು ತೆಗಿಯೂದಿಲ್ಲ." ಅತ್ತೆ ಕಾರವಾರದ ಕಚೇರಿಗೆ ಅರ್ಜಿ ಹಾಕಿ ಕಾಯುತ್ತ ಕೂತಳು.

ಇಲ್ಲಿ ನನ್ನ ಅಪ್ಪನ ವಿಷಯ ಹೇಳಬೇಕು. ಅಪ್ಪನಿಗೆ ಪಂಚಾಂಗ ಬಿಟ್ಟು ಪ್ರಪಂಚವಿಲ್ಲ, ಸುಳ್ಳು ಹೇಳಿಯೂ ಗೊತ್ತಿಲ್ಲ. ಮುಂದೆ ತಿಂಗಳುಗಟ್ಟಲೆ ಪ್ರಯಾಣಕ್ಕೆ ಒಳ್ಳೆಯ ದಿನವಿಲ್ಲ, ಈ ಬುಧವಾರ ಒಂದೇ ಇರುವುದು ಎಂದು ಲೆಕ್ಕ ಹಾಕಿದ. ಆದರೆ ಪರವಾನಗಿ ಬಂದಿರಲಿಲ್ಲ. ಅದಕ್ಕೆ ನಮ್ಮಲ್ಲಿ ಉಪಾಯವಿದೆ. ನೀವೂ ನಿಮ್ಮ ಮನೆಯಲ್ಲಿ ಕಂಡಿರಬಹುದು, ಪ್ರಸ್ಥಾನ ಇಡುವುದು. ಒಂದು ಸೀರೆ, ಒಂದಿಷ್ಟು ಅಕ್ಕಿ, ಒಂದು ತೆಂಗಿನಕಾಯಿ ಗಂಟು ಕಟ್ಟಿ ಒಳ್ಳೆಯ ಮುಹೂರ್ತದಲ್ಲಿ ಮನೆಯಿಂದ ಹೊರಡಿಸಿ ನೆರೆಮನೆಯಲ್ಲಿ ಇಟ್ಟುಬಿಟ್ಟರೆ, ಅಲ್ಲಿಗೆ ಪ್ರಯಾಣ ಹೊರಟಂತೆಯೇ. ಮನುಷ್ಯರು ಆಮೇಲೆ ಅನುಕೂಲವಾದಾಗ ಹೊರಡಬಹುದು. ಹಾಗೆ ಅತ್ತೆಯ ಗಂಟು ಬುಧವಾರ ಬೆಳಿಗ್ಗೆ ಆಚೆಮನೆಯ ಜಗಲಿ ಸೇರಿತು.

ಶುಕ್ರವಾರ ಹವಾಲ್ದಾರರು ಬಂದರು. ಧಾರವಾಡದ ಕಡೆಯವರು. "ನಿಮ್ಮ ಅಕ್ಕಾರು ಅದಾರೇನ್ರಿ?" ಎಂದು ಕೇಳಿದರು.

"ಅಕ್ಕ ಹೊರಟಾತು. ಬುಧವಾರವೇ ಹೊರಟಾತು" ಎಂದ ಅಪ್ಪ.

"ಎಲ್ಲಿಗ್ರಿ?"

"ರಂಗೂನಿಗೆ."

ಅಪ್ಪ ಸುಳ್ಳು ಹೇಳಲಿಲ್ಲ. ಹೊರಟವಳನ್ನು ಮನೆಯಲ್ಲಿದ್ದಾಳೆ ಎಂದರೆ ಇಟ್ಟ ಪ್ರಸ್ಥಾನ ಕೆಟ್ಟಿತೆಂದು ಅವನ ನಂಬಿಕೆ. ಒಳಗಿದ್ದ ಅತ್ತೆಯೂ ಉಸಿರೆತ್ತಲಿಲ್ಲ, ಅವಳ ಮಟ್ಟಿಗೂ ಅದು ನಿಜವೇ. ಹವಾಲ್ದಾರರು, ರಂಗೂನಿಗೆ ಹೋದವಳು ಒಳಗೆ ಕಾಸಿಕೊಟ್ಟ ಕಷಾಯ ಕುಡಿದು, ವಿದೇಶಿ ದೇಶ ಬಿಟ್ಟಳೆಂದು ಬರೆದುಕೊಂಡು ಹೋದರು.

ಪರಿಣಾಮ ಬೇಗ ತಿಳಿಯಿತು. ದೇಶ ಬಿಟ್ಟು ಹೋದವರಿಗೆ ಇಲ್ಲಿಂದ ಮರುಪ್ರವೇಶದ ಪರವಾನಗಿ ಕೊಡಲು ಬರುವುದಿಲ್ಲ, ಅರ್ಜಿ ಮುಗಿಸಲಾಗಿದೆ ಎಂದು ಕಾರವಾರದಿಂದ ಉತ್ತರ ಬಂತು. ಅತ್ತೆ ಮರುದಿನವೇ ನನ್ನನ್ನು ಎಳೆದುಕೊಂಡು ಬಸ್ಸು ಹತ್ತಿದಳು. ಮಿರ್ಜಾನದ ಹೊಳೆ ದಾಟುವಾಗ ನಾನು ಅಧಿಕಾರಿಗೆ ಹೇಳಬೇಕಾದ ಇಂಗ್ಲಿಷು ವಾಕ್ಯಗಳನ್ನು ಬಾಯಿಪಾಠ ಮಾಡಿದೆ. ಅವರ ಮುಂದೆ ಕೂತಾಗ ಒಂದೂ ನೆನಪಾಗಲಿಲ್ಲ.

"ಕಾಗದದ ಪ್ರಕಾರ ತಾವು ಇಲ್ಲಿಲ್ಲ" ಎಂದರು ಅವರು.

"ಇಲ್ಲದವಳು ನಿಮ್ಮ ಕುರ್ಚಿ ಮೇಲೆ ಹ್ಯಾಂಗೆ ಕೂತೆ?" ಎಂದಳು ಅತ್ತೆ.

ಪ್ರಸ್ಥಾನದ ಕತೆ ಕೇಳಿ ಅವರು ನಕ್ಕರು. ಅವರ ತಾಯಿಯೂ ಇಡುತ್ತಿದ್ದರಂತೆ. ಆದರೆ ನಗು ಬೇರೆ, ಕಾನೂನು ಬೇರೆ. ಮನೆಯ ಯಜಮಾನ ಹವಾಲ್ದಾರರ ಮುಂದೆ "ಅಕ್ಕ ಮನೆಯಲ್ಲೇ ಇದ್ದಾಳೆ, ಎಲ್ಲಿಗೂ ಹೋಗಿಲ್ಲ" ಎಂದು ಬಾಯಿಬಿಟ್ಟು ಹೇಳಬೇಕು, ಆಗ ಪರವಾನಗಿ ಕೊಡುತ್ತೇನೆ ಎಂದರು.

ಯಜಮಾನ ಅಪ್ಪ. ಗಂಟು ಆಚೆಮನೆಯಲ್ಲಿ ಇರುವವರೆಗೆ ಅವನ ಬಾಯಲ್ಲಿ ಆ ಮಾತು ಬರುವುದಿಲ್ಲ. ಹಾಗಾದರೆ ಗಂಟನ್ನೇ ತಿರುಗಿ ತರುತ್ತೇನೆಂದು ಅತ್ತೆ ಎದ್ದಳು. ಅಪ್ಪ ಬಾಗಿಲಿಗೆ ಅಡ್ಡ ನಿಂತ. "ಬೇಡ ಅಕ್ಕ. ಇಟ್ಟ ಪ್ರಸ್ಥಾನ ತಿರುಗಿ ತಂದ್ರೆ ಹೋಪ ಕೆಲಸ ಕೆಡ್ತು. ನೀನು ಹೊರಟಿದ್ದು ಮಗಳ ಹೆರಿಗೆಗೆ." ಅತ್ತೆ ಹೊಸ್ತಿಲಲ್ಲೇ ನಿಂತಳು. ಅವಳೂ ಅದೇ ಮನೆಯಲ್ಲಿ ಹುಟ್ಟಿದವಳು, ಅವಳಿಗೂ ಹೆದರಿಕೆ ಇತ್ತು. ನನಗಂತೂ ಅಳುವೇ ಬಂತು. ವಿಜ್ಞಾನದ ಪಾಠ ಮಾಡುವ ನಾನು ಆ ಕ್ಷಣ ಅಪ್ಪನ ಪಕ್ಷದಲ್ಲಿದ್ದೆ.

ಆಮೇಲೆ ಅತ್ತೆ ತಮ್ಮನ ಹೆಗಲ ಮೇಲೆ ಕೈಯಿಟ್ಟು ಹೇಳಿದಳು: "ಹೋದವಳು ತಿರುಗಿ ಬಪ್ಪಲೆ ಆಗ್ದೇ ಇದ್ರೆ ಅದು ಎಂತ ಒಳ್ಳೇ ಮುಹೂರ್ತ ತಮಾ? ಯಾನು ಹೋಗವು, ಬರವು. ಎರಡೂ ಆಗವು."

ಹೋಗಲೂ ಬೇಕು, ಬರಲೂ ಬೇಕು ಎಂದವಳು ಅವನನ್ನು ಮೆಲ್ಲಗೆ ಸರಿಸಿ ಹೊರಟಳು. ನಡುಮಧ್ಯಾಹ್ನ, ಅದೂ ರಾಹುಕಾಲ. ಆಚೆಮನೆಯವರು ಬಾಯಿಗೆ ಕೈಯಿಟ್ಟುಕೊಂಡು ನೋಡುತ್ತಿದ್ದಂತೆ ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡು ಅಂಗಳ ದಾಟಿ ಒಳಗೆ ಬಂದಳು. ಕಾಯಿ ಒಡೆದು, ಆ ಅಕ್ಕಿಯಲ್ಲೇ ಪಾಯಸ ಮಾಡಿದಳು. ಹೇಳಿಕೆ ಬರೆದುಕೊಳ್ಳಲು ಸಂಜೆ ಬಂದ ಹವಾಲ್ದಾರರಿಗೂ ಅಪ್ಪನಿಗೂ ಅಕ್ಕಪಕ್ಕ ಎಲೆ ಹಾಕಿ ತಾನೇ ಬಡಿಸಿದಳು. ಅಪ್ಪ ಪಾಯಸವನ್ನು ಎಲೆಯ ಆ ಬದಿಯಿಂದ ಈ ಬದಿಗೆ ಸರಿಸುತ್ತಿದ್ದ. ಕೊನೆಗೆ ಒಂದು ತುತ್ತು ನುಂಗಿ, "ಅಕ್ಕ ಮನೆಯಲ್ಲೇ ಇದ್ದಾಳೆ ಹವಾಲ್ದಾರ್ರೇ, ಎಲ್ಲಿಗೂ ಹೋಗ್ಲಿಲ್ಲ" ಎಂದ. ಅವನ ಕಣ್ಣಲ್ಲಿ ನೀರಿತ್ತು. ಹವಾಲ್ದಾರರು ಬರೆದುಕೊಂಡು, ಇನ್ನೊಂದಿಷ್ಟು ಪಾಯಸ ಕೇಳಿದರು.

ಪರವಾನಗಿ ಬಂತು. ಅತ್ತೆ ಹೊರಟದ್ದು ಅಮಾವಾಸ್ಯೆಯ ದಿನ, ಯಾಕೆಂದರೆ ಬಸ್ಸಿನಲ್ಲಿ ಜಾಗ ಸಿಕ್ಕಿದ್ದು ಅಂದೇ. ಹೆರಿಗೆ ಆಯಿತೆಂಬ ಸುದ್ದಿ ಬರುವ ತನಕ ಅಪ್ಪ ಒಂದೇ ಹೊತ್ತು ಊಟ ಮಾಡಿದ. ಹೆಣ್ಣುಮಗು, ತಾಯಿ ಮಗು ಸುಖ. ಮೊಮ್ಮಗಳಿಗೆ ನೀರೆರೆದು, ತೊಟ್ಟಿಲಿಗೆ ಹಾಕಿ, ಅತ್ತೆ ಹೇಳಿದ ಹಾಗೆಯೇ ತಿರುಗಿ ಬಂದಳು. ಮದ್ರಾಸಿನ ಬಂದರಿನಲ್ಲಿ ಅಧಿಕಾರಿ ಎಷ್ಟು ದಿನ ಇರುತ್ತೀರೆಂದು ಕೇಳಿದನಂತೆ. "ಯಾನು ಹೇಳ್ದಿ, ಮಗಳ ಮನೇಲಿ ದಿನ ಎಣಿಸ್ಕಂಡು ಇದ್ದಿದ್ದಿ, ಇಲ್ಲಿ ಎಣಿಸ್ತ್ನಿಲ್ಲೆ ಹೇಳಿ" ಎಂದು ನಮಗೆ ಹೇಳಿ ನಕ್ಕಳು.

ಅದೊಂದೇ ಸಲ. ಕೆಲವೇ ವರ್ಷಗಳಲ್ಲಿ ಬರ್ಮಾದ ಬಾಗಿಲು ಮುಚ್ಚಿತು. ಮಗಳನ್ನಾಗಲಿ ಮೊಮ್ಮಗಳನ್ನಾಗಲಿ ಅತ್ತೆ ಮತ್ತೆ ನೋಡಲಿಲ್ಲ. ಅಂದು ಗಂಟನ್ನು ಮುಟ್ಟಲು ಹೆದರಿದ್ದರೆ ಆ ಮಗುವನ್ನು ಅವಳು ಎತ್ತಿಕೊಳ್ಳುವುದೇ ಇರಲಿಲ್ಲ, ಇಲ್ಲವೇ ಎತ್ತಿಕೊಂಡು ಅಲ್ಲೇ ಉಳಿಯಬೇಕಿತ್ತು. ಮಧ್ಯಾಹ್ನ ಒಬ್ಬಳೇ ಕೂತು ಅಳುತ್ತಿದ್ದಳು, ನಾನು ನೋಡಿದ್ದೇನೆ. ವರ್ಷ ತಿರುಗಿದಾಗ ಮತ್ತೆ ಕುಮಟೆಗೆ ಹೋಗಿ ಇರಲು ಅಪ್ಪಣೆ ಕೇಳುತ್ತಿದ್ದಳು. ಕಾಲು ಸೋತ ಮೇಲೂ ಬೇರೆಯವರನ್ನು ಕಳಿಸಲಿಲ್ಲ. ತೀರಿಕೊಂಡಾಗ ಅವಳ ಪರವಾನಗಿಯ ಅವಧಿ ಇನ್ನೂ ಉಳಿದಿತ್ತು.

ಇದಿಷ್ಟನ್ನೂ ಎಂಜಿನಿಯರರಿಗೆ ಹೇಳಿ ಮುಗಿಸಿದೆ. "ಹುಚ್ಚು ಅಂತ ಬಿಡಬೇಡಿ, ತಿರುಗಿ ಬರುವ ಪರವಾನಗಿ ಮೊದಲು, ಟಿಕೇಟು ಆಮೇಲೆ" ಎಂದೆ. ಅವರ ಬಗ್ಗೆ ನನಗೀಗ ನಗು ಬರಲಿಲ್ಲ. ಎರಡು ಕಡೆ ಮನಸ್ಸಿಡುವುದೆಂದರೆ ಸುಲಭವಲ್ಲ, ಗಟ್ಟಿಯಾಗಿ ನಿಲ್ಲಬೇಕು. ಅಷ್ಟರಲ್ಲಿ ನನ್ನ ಸರದಿ ಬಂತು.

"ಅಕ್ಕೋರೇ, ಬರೂ ವರ್ಷದಿಂದ ಮೊಬೈಲಿನಲ್ಲಿ ಮುಖ ತೋರಿಸಿದ್ರೆ ಆತು. ಈ ಮಂಡಿ ಇಟ್ಕಂಡು ಇಷ್ಟು ದೂರ ಬರೂದೆಂತಕ್ಕೆ?" ಎಂದಳು ಕೌಂಟರಿನ ಹುಡುಗಿ. ಅರ್ಧ ಗಂಟೆ ಮೊದಲು ಕೇಳಿದ್ದರೆ ಅವಳನ್ನು ಹರಸಿಬಿಡುತ್ತಿದ್ದೆ.

"ಇಲ್ಲ ಮಗಾ, ಬತ್ತೆ" ಎಂದೆ. "ನಾನು ಇದ್ದೇನೆ ಅಂತ ನಾನೇ ಬಂದು ಹೇಳ್ಬೇಕು."